ಕೆಲಸದ ಫೋನಿಗೆ ಸ್ಮಾರ್ಟ್ ಕಾರ್ಡ್: ಹಂಚುವ ಮೊದಲು ಏನೇನು ಮುಗಿದಿರಬೇಕು

"ಸರ್, ಕಾರ್ಡ್ ಫೋನಿನ ಹಿಂದೆ ಹಿಡ್ಕೊಂಡೇ ಇದ್ದೀನಿ. ಏನೂ ಆಗ್ತಿಲ್ಲ."

ಆಫೀಸಿನ ಫೋನುಗಳಿಗೆ ಸ್ಮಾರ್ಟ್ ಕಾರ್ಡ್ ಲಾಗಿನ್ ತಂದ ಮೊದಲ ಸೋಮವಾರ, ಹನ್ನೊಂದು ಗಂಟೆಯೊಳಗೆ ನನಗೆ ಇಂಥ ಒಂಬತ್ತು ಕರೆ ಬಂದವು. ಒಂದು ಕಾರ್ಡೂ ಕೆಟ್ಟಿರಲಿಲ್ಲ. ತಪ್ಪು ನನ್ನದೇ. ಕೊನೆಗೆ ಮಾಡಬೇಕಾದ ಕೆಲಸವನ್ನು, ಅಂದರೆ ಕಾರ್ಡ್ ಹಂಚುವುದನ್ನು, ಮೊದಲೇ ಮಾಡಿ ಮುಗಿಸಿದ್ದೆ. ಬೇರೆ ಆಫೀಸಿನ ಗೆಳೆಯರು ಫೋನ್ ಮಾಡಿ ಕೇಳುವುದೂ ಇದೇ ತೊಂದರೆ. ಹಾಗಾಗಿ ಇಲ್ಲಿ ಯಾವುದಾದ ಮೇಲೆ ಯಾವುದು ಅನ್ನುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಲೆಕ್ಕಕ್ಕೆ ಒಂದು ಆಫೀಸು ಇಟ್ಟುಕೊಳ್ಳೋಣ. ಮೂವತ್ತು ನಲವತ್ತು ಜನ. ಆಂಡ್ರಾಯ್ಡ್, ಐಫೋನ್ ಎರಡೂ ಇವೆ, ಒಂದೆರಡು ಐಪ್ಯಾಡ್ ಕೂಡ. ಮೇಲ್, ಫೈಲ್ ಎಲ್ಲ ಮೈಕ್ರೋಸಾಫ್ಟ್ 365ರಲ್ಲಿ, ಲಾಗಿನ್ ಎಂಟ್ರಾ ಐಡಿ ಮೂಲಕ, ಅಂದರೆ ಯಾರು ಒಳಗೆ ಬರಬಹುದು ಅಂತ ನೋಡುವ ಮೈಕ್ರೋಸಾಫ್ಟಿನ ಸೇವೆ. ಸರ್ಟಿಫಿಕೇಟ್, ಅಂದರೆ ಕಾರ್ಡ್ ಯಾರದ್ದು ಅಂತ ಹೇಳುವ ಡಿಜಿಟಲ್ ಗುರುತುಪತ್ರ, ಕೊಡಲು ಆಫೀಸಿನದ್ದೇ ವಿಂಡೋಸ್ ಸರ್ವರ್. ಕಾರ್ಡ್ ಅಂದರೆ ಯುಬಿಕೀ 5 ಸರಣಿಯದು. ನೋಡಲು ಪೆನ್‌ಡ್ರೈವ್, ಒಳಗಿರುವುದು ಪಿಐವಿ ಅನ್ನುವ ಮಾನದಂಡದ ಸ್ಮಾರ್ಟ್ ಕಾರ್ಡ್. ಬೇರೆ ಕಂಪನಿಯ ಪಿಐವಿ ಕಾರ್ಡ್ ಇದ್ದರೆ ಆ್ಯಪ್ ಬದಲಾಗುತ್ತದೆ, ಹಂತಗಳು ಬದಲಾಗುವುದಿಲ್ಲ.

## ಶುರು ಮಾಡುವ ಮೊದಲು

ಈ ಕಾರ್ಡ್ ಫೋನಿನ ಸ್ಕ್ರೀನ್ ಲಾಕ್ ಮಾಡುವುದಿಲ್ಲ. ಇದನ್ನು ಮ್ಯಾನೇಜರ್‌ಗೆ ಮೊದಲ ದಿನವೇ ಹೇಳಿಬಿಡಿ. ಫೋನಿನಿಂದ ಆಫೀಸಿನ ಮೇಲ್, ಫೈಲ್, ವಿಪಿಎನ್‌ಗೆ ಹೋಗುವ ದಾರಿಯನ್ನು ಮಾತ್ರ ಕಾರ್ಡ್ ಕಾಯುತ್ತದೆ. ಒಮ್ಮೆ ಲಾಗಿನ್ ಆದರೆ ಆ್ಯಪ್ ಮತ್ತೆ ಮತ್ತೆ ಕಾರ್ಡ್ ಕೇಳುವುದೂ ಇಲ್ಲ. ಎಂಟ್ರಾದಲ್ಲಿ ಏನೂ ಬದಲಿಸದಿದ್ದರೆ ಆ ಲಾಗಿನ್ ವಾರಗಟ್ಟಲೆ ಜೀವಂತ ಇರುತ್ತದೆ. ಅಲ್ಲಿಯವರೆಗೆ ಫೋನ್ ಕಾಯುವುದು ಅದರ ಸ್ಕ್ರೀನ್ ಲಾಕೇ. ಆದ್ದರಿಂದ ಎಂಡಿಎಂನಲ್ಲಿ (ಆಫೀಸಿನ ಫೋನುಗಳನ್ನು ದೂರದಿಂದ ನಿಭಾಯಿಸುವ ಸಾಫ್ಟ್‌ವೇರ್) ಕನಿಷ್ಠ 6 ಅಂಕಿಯ ಲಾಕ್, ಎರಡು ನಿಮಿಷಕ್ಕೆ ಆಟೋ ಲಾಕ್, ದೂರದಿಂದ ಅಳಿಸುವ ಅವಕಾಶ, ಈ ಮೂರೂ ಇರಲೇಬೇಕು. ಎಂಡಿಎಂ ಇಲ್ಲದಿದ್ದರೆ ಕಾರ್ಡ್ ಯೋಜನೆ ಬದಿಗಿಟ್ಟು ಮೊದಲು ಅದನ್ನು ತನ್ನಿ.

ಎಲ್ಲರೂ ಕೇಳುವ ಇನ್ನೆರಡು ಪ್ರಶ್ನೆ. "ಬಾಗಿಲಿಗೆ ತೋರಿಸುವ ಐಡಿ ಕಾರ್ಡೇ ಸಾಲದಾ?" ಸಾಲದು. ಎಷ್ಟೋ ಆಫೀಸುಗಳ ಬಾಗಿಲಿನ ಯಂತ್ರ ನೋಡುವುದು ಕಾರ್ಡಿನ ನಂಬರನ್ನು ಮಾತ್ರ. ಅದರಲ್ಲಿ ಸರ್ಟಿಫಿಕೇಟೂ ಇಲ್ಲ, ಪಿನ್ನೂ ಇಲ್ಲ. "ಡಿಎಸ್‌ಸಿ ಟೋಕನ್ ಇದೆಯಲ್ಲ, ಅದನ್ನೇ ಫೋನಿಗೆ ಹಾಕಿದರೆ?" ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್. ಆ ಟೋಕನ್ನಿನೊಳಗೂ ಸ್ಮಾರ್ಟ್ ಕಾರ್ಡೇ ಇರುವುದು ನಿಜ. ಆದರೆ ಅದು ಕಾನೂನಿನ ಸಹಿಗೆ ಕೊಟ್ಟದ್ದು, ಕಂಪ್ಯೂಟರಿನ ಡ್ರೈವರ್ ನಂಬಿಕೊಂಡಿರುವಂಥದ್ದು. ಟೋಕನ್ನು, ಪಿನ್ನು ಎರಡನ್ನೂ ಲೆಕ್ಕ ನೋಡುವವರ ಟೇಬಲ್ಲಿನಲ್ಲಿ ಬಿಟ್ಟಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಅಭ್ಯಾಸ ಇಲ್ಲಿಗೆ ಬರುವುದೇ ಬೇಡ.

## ಹಂತ 1: ಕಳೆದುಹೋದರೆ ಏನು ಅಂತ ಬರೆದಿಡಿ

ಕಾರ್ಡ್ ತರಿಸುವ ಮೊದಲೇ ಈ ಕಾಗದ ಸಿದ್ಧವಿರಲಿ. ಕಾರ್ಡ್ ಅಥವಾ ಫೋನ್ ಹೋಯಿತು ಅಂತ ಕರೆ ಬಂದರೆ ಮಾಡಬೇಕಾದ ಕೆಲಸ ಈ ಕ್ರಮದಲ್ಲಿ:

1. ಎಂಟ್ರಾದಲ್ಲಿ ಆ ವ್ಯಕ್ತಿಯ ಎಲ್ಲ ಸೆಷನ್, ಅಂದರೆ ಆಗಲೇ ತೆರೆದಿರುವ ಲಾಗಿನ್, ರದ್ದು ಮಾಡಿ.
2. ಫೋನೂ ಹೋಗಿದ್ದರೆ ಎಂಡಿಎಂನಿಂದ ಲಾಕ್ ಅಥವಾ ವೈಪ್ (ಪೂರ್ತಿ ಅಳಿಸುವ) ಆದೇಶ ಕಳಿಸಿ.
3. ಸರ್ಟಿಫಿಕೇಟ್ ರದ್ದು ಮಾಡಿ, ರದ್ದಾದವುಗಳ ಪಟ್ಟಿಯನ್ನು, ಅಂದರೆ ಸಿಆರ್‌ಎಲ್ ಅನ್ನು, ಕೂಡಲೇ ಪ್ರಕಟಿಸಿ.
4. ಸ್ಪೇರ್ ಕಾರ್ಡಿಗೆ ಹೊಸ ಸರ್ಟಿಫಿಕೇಟ್ ಹಾಕಿ ಕೊಡಿ.

ಹೆಚ್ಚಿನವರು ಮೂರನೆಯದನ್ನು ಮೊದಲು ಮಾಡಿ, "ಸರ್ಟಿಫಿಕೇಟ್ ರದ್ದಾಯ್ತು, ಇನ್ನೇನು ಭಯ" ಅಂತ ಕೂತುಬಿಡುತ್ತಾರೆ. ರದ್ದಾದ ಸರ್ಟಿಫಿಕೇಟ್ ಹೊಸ ಲಾಗಿನ್ ತಡೆಯುತ್ತದೆ, ಆಗಲೇ ಒಳಗಿರುವವರನ್ನು ಹೊರಗೆ ಹಾಕುವುದಿಲ್ಲ. ಹೊಸ ಲಾಗಿನ್ ಕೂಡ ತಕ್ಷಣ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಎಂಟ್ರಾ ಹಳೆಯ ಪಟ್ಟಿಯನ್ನು ಅದರ ಅವಧಿ ಮುಗಿಯುವವರೆಗೂ ಇಟ್ಟುಕೊಂಡಿರುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಆ ಅವಧಿ ಮೊದಲಿನಿಂದ 1 ವಾರ. ಅದನ್ನು 1 ದಿನಕ್ಕೆ ಇಳಿಸಿ.

ಈ ಕಾಗದದಲ್ಲಿ ಇಬ್ಬರ ಹೆಸರಿರಲಿ. ಒಬ್ಬರು ರಜದಲ್ಲಿದ್ದರೆ ಇನ್ನೊಬ್ಬರಿಗೆ ಮಾಡಲು ಗೊತ್ತಿರಬೇಕು, ಅನುಮತಿಯೂ ಇರಬೇಕು.

## ಹಂತ 2: ಫೋನುಗಳ ಪಟ್ಟಿ ಮಾಡಿ

ಒಂದೊಂದು ಫೋನನ್ನೂ ಕೈಯಲ್ಲಿ ಹಿಡಿದು ನೋಡಿ. ಮಾಡೆಲ್ ಹೆಸರು ನೋಡಿ ಅಂದಾಜು ಮಾಡಬೇಡಿ. ಒಂದೇ ಹೆಸರಿನ ಫೋನು ಬೇರೆ ದೇಶದಲ್ಲಿ ಎನ್‌ಎಫ್‌ಸಿ (ಕಾರ್ಡ್ ತಾಗಿಸಿ ಓದುವ ವ್ಯವಸ್ಥೆ) ಜತೆ, ಇಲ್ಲಿ ಅದಿಲ್ಲದೆ ಮಾರಾಟವಾಗುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಎನ್‌ಎಫ್‌ಸಿ ಅಂತ ಹುಡುಕಿ. ಸಿಗದಿದ್ದರೆ ಆ ಫೋನಿಗೆ ಯುಎಸ್‌ಬಿಯೇ ಗತಿ.

ಐಪ್ಯಾಡಿನಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಯುಎಸ್‌ಬಿ-ಸಿ ಇರುವ ಐಪ್ಯಾಡಾದರೆ ಕಾರ್ಡನ್ನು ನೇರ ಚುಚ್ಚಬಹುದು. ಐಒಎಸ್, ಐಪ್ಯಾಡ್‌ಒಎಸ್ ಎರಡೂ 16ರ ಈಚಿನವಾಗಿರಲಿ.

ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಓಟಿಜಿಗೆ, ಅಂದರೆ ಯುಎಸ್‌ಬಿಗೆ ಚುಚ್ಚಿದ ಸಾಧನ ಓದುವ ಸೌಲಭ್ಯಕ್ಕೆ, ಬೇರೆ ಸ್ವಿಚ್ ಇರುತ್ತದೆ. ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಬೆಳಿಗ್ಗೆ ನಿಮ್ಮೆದುರು ಕೆಲಸ ಮಾಡಿದ ಕಾರ್ಡು ಮಧ್ಯಾಹ್ನ ಸೈಟಿನಲ್ಲಿ ಸತ್ತಂತೆ ಬಿದ್ದಿರುತ್ತದೆ. ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಡಿ.

## ಹಂತ 3: ಸಾಮಾನು ತರಿಸಿ

ಬೇಕಾದ್ದು ಇಷ್ಟು: ಯುಎಸ್‌ಬಿ-ಸಿ ಮತ್ತು ಎನ್‌ಎಫ್‌ಸಿ ಎರಡೂ ಇರುವ ಕಾರ್ಡು ತಲೆಗೊಂದು. ಹತ್ತು ಜನಕ್ಕೆ ಒಂದರಂತೆ ಸ್ಪೇರ್. ಕಾರ್ಡ್ ತಯಾರಿಸಲು ಒಂದು ಕಂಪ್ಯೂಟರ್, ಅದರಲ್ಲಿ ಯುಬಿಕೀ ಕಂಪನಿಯದೇ ಆ್ಯಪ್, ಯುಬಿಕೋ ಅಥೆಂಟಿಕೇಟರ್. ಪಿಯುಕೆಗಳನ್ನು, ಅಂದರೆ ಬ್ಲಾಕಾದ ಪಿನ್ ಬಿಡಿಸುವ ನಂಬರುಗಳನ್ನು, ಇಡಲು ಪಾಸ್‌ವರ್ಡ್ ವಾಲ್ಟ್. ಲೈಟ್ನಿಂಗ್ ಪಿನ್ನಿನ ಹಳೇ ಐಫೋನಿಗೆ ಎನ್‌ಎಫ್‌ಸಿ ಸಾಕು.

ಎನ್‌ಎಫ್‌ಸಿ ಇಲ್ಲದ ಕಾರ್ಡ್ ಅಗ್ಗ ಅಂತ ಅದಕ್ಕೆ ಹೋಗಬೇಡಿ. ನಮ್ಮ ಸೈಟ್ ಇಂಜಿನಿಯರುಗಳು ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋದಾಗ ಇದು ಗೊತ್ತಾಯಿತು. ಚಾರ್ಜಿಂಗ್ ಪೋರ್ಟಿನಲ್ಲಿ ತೇವ ಕಂಡರೆ ಈಗಿನ ಫೋನುಗಳು ಎಚ್ಚರಿಕೆ ತೋರಿಸಿ ಯುಎಸ್‌ಬಿಯನ್ನೇ ನಿಲ್ಲಿಸುತ್ತವೆ. ಜುಲೈನಲ್ಲಿ ಆಗುಂಬೆ ಕಡೆ ಪೋರ್ಟ್ ಒಣಗಲಿ ಅಂತ ಕಾಯುತ್ತಾ ಕೂರುವುದಾ?

ಹಳೇ ಸ್ಟಾಕೂ ಬೇಡ. ಯುಬಿಕೀ ಫರ್ಮ್‌ವೇರನ್ನು, ಅಂದರೆ ಅದರೊಳಗೇ ಕೂತ ಸಾಫ್ಟ್‌ವೇರನ್ನು, ಆಮೇಲೆ ಅಪ್‌ಡೇಟ್ ಮಾಡಲು ಬರುವುದಿಲ್ಲ. 5.7ಕ್ಕಿಂತ ಹಳೆಯ ಫರ್ಮ್‌ವೇರ್‌ನಲ್ಲಿ ಒಂದು ದೋಷ ಇರುವುದು 2024ರಲ್ಲಿ ಹೊರಬಿತ್ತು. ಅದನ್ನು ಬಳಸಿಕೊಳ್ಳಲು ಕಾರ್ಡ್ ಕೈಯಲ್ಲಿರಬೇಕು, ದುಬಾರಿ ಉಪಕರಣವೂ ಬೇಕು. ಆದರೂ ಹೊಸದಾಗಿ ದುಡ್ಡು ಹಾಕುವವರು ಹಳೆಯದನ್ನೇಕೆ ತರಬೇಕು?

ಪೊಟ್ಟಣ ಬಿಚ್ಚಿದ ಕೂಡಲೇ ಫೋನಿಗೆ ತಾಗಿಸಿ, ಸದ್ದಿಲ್ಲ ಅಂತ ವಾಪಸ್ ಕಳಿಸಬೇಡಿ. 5.7ರ ಕಾರ್ಡುಗಳು ಬರುವಾಗ ಎನ್‌ಎಫ್‌ಸಿ ಮಲಗಿರುತ್ತದೆ. ಒಮ್ಮೆ ಯುಎಸ್‌ಬಿಗೆ ಚುಚ್ಚಿ ಕನಿಷ್ಠ 3 ಸೆಕೆಂಡ್ ಬಿಟ್ಟರೆ ಏಳುತ್ತದೆ.

## ಹಂತ 4: ಸರ್ಟಿಫಿಕೇಟ್ ಸರ್ವರ್ ಸಿದ್ಧ ಮಾಡಿ

ಎಲ್ಲಕ್ಕಿಂತ ಜಾಸ್ತಿ ಜನ ಬೀಳುವ ಗುಂಡಿ ಇದು. ಇಲ್ಲಿ ಮೂರು ಕೆಲಸ.

ಮೊದಲನೆಯದು ಹೆಸರು. ಸರ್ಟಿಫಿಕೇಟಿನಲ್ಲಿರುವ ಯುಪಿಎನ್ (ಇಮೇಲ್ ವಿಳಾಸದಂತೆ ಕಾಣುವ ಬಳಕೆದಾರರ ಹೆಸರು), ಮೈಕ್ರೋಸಾಫ್ಟ್ 365ರ ಲಾಗಿನ್ ಹೆಸರು, ಎರಡೂ ಅಕ್ಷರಕ್ಕಕ್ಷರ ಒಂದೇ ಆಗಿರಬೇಕು. ಆಫೀಸಿನ ಒಳಗಿನ ಡೊಮೇನ್ "ಲೋಕಲ್" ಅಂತ ಮುಗಿಯುತ್ತಿದ್ದರೆ ಸರ್ಟಿಫಿಕೇಟಿಗೂ ಅದೇ ಹೆಸರು ಹೋಗಿ ಕೂತುಕೊಳ್ಳುತ್ತದೆ. ಆಗ ಕಾರ್ಡ್ ಸರಿ, ಪಿನ್ ಸರಿ, ಲಾಗಿನ್ ಮಾತ್ರ ಇಲ್ಲ.

ಎರಡನೆಯದು ಸಿಆರ್‌ಎಲ್ ವಿಳಾಸ. ವಿಂಡೋಸ್ ಸರ್ವರ್ ತಾನಾಗಿ ಕೊಡುವ ಮೊದಲ ವಿಳಾಸ ಎಲ್‌ಡ್ಯಾಪ್, ಅಂದರೆ ಆಫೀಸಿನ ಒಳಗೆ ಮಾತ್ರ ಸಿಗುವಂಥದ್ದು. ಆದರೆ ಪಟ್ಟಿ ಓದಬೇಕಾದ್ದು ನಿಮ್ಮ ಫೋನಲ್ಲ, ಮೈಕ್ರೋಸಾಫ್ಟಿನ ಸರ್ವರ್. ಅದು ಇಂಟರ್‌ನೆಟ್‌ನಿಂದ ಬರುತ್ತದೆ. ಹಾಗಾಗಿ ಪಟ್ಟಿಯನ್ನು ಹೊರಗಿನಿಂದ ತೆರೆಯುವ ಎಚ್‌ಟಿಟಿಪಿ ವಿಳಾಸದಲ್ಲಿ ಇಡಿ. ಪರೀಕ್ಷೆ ಸುಲಭ: ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಆ ವಿಳಾಸ ತೆರೆಯಿರಿ. ಫೈಲ್ ಇಳಿದರೆ ಸರಿ. ತಲೆನೋವೇ ಬೇಡ ಅಂತ ಎಂಟ್ರಾದಲ್ಲಿ ವಿಳಾಸದ ಜಾಗ ಖಾಲಿ ಬಿಡುವವರೂ ಇದ್ದಾರೆ. ಹಾಗೆ ಬಿಟ್ಟರೆ ಎಂಟ್ರಾ ಪಟ್ಟಿ ನೋಡುವುದೇ ಇಲ್ಲ, ನೀವು ರದ್ದು ಮಾಡಿದ ಕಾರ್ಡೂ ಆರಾಮಾಗಿ ಒಳಗೆ ಹೋಗುತ್ತದೆ. ಹಂತ 1ರಲ್ಲಿ ಬರೆದದ್ದೆಲ್ಲ ನೀರಿನಲ್ಲಿ ಹೋಮ.

ಮೂರನೆಯದು ಟೆಂಪ್ಲೇಟ್, ಅಂದರೆ ಸರ್ವರ್ ಸರ್ಟಿಫಿಕೇಟ್ ಮಾಡಲು ಬಳಸುವ ಅಚ್ಚು. ಅದರಲ್ಲಿ ಕ್ಲೈಂಟ್ ಅಥೆಂಟಿಕೇಶನ್ ಬಳಕೆ ಇರಲಿ, ಅವಧಿ 1 ವರ್ಷ ಸಾಕು. ಅರ್ಜಿಯಲ್ಲೇ ಹೆಸರು ಬರೆದುಕೊಳ್ಳಲು ಬಿಡುವ ಟೆಂಪ್ಲೇಟ್ ಆದರೆ ಜೋಪಾನ. ಅದನ್ನು ಬಳಸಬಲ್ಲ ಯಾರೇ ಆದರೂ ಎಂಡಿ ಹೆಸರಿನಲ್ಲೇ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ಅನುಮತಿ ಕಾರ್ಡ್ ತಯಾರಿಸುವ ಒಬ್ಬರಿಗೆ ಮಾತ್ರ ಇರಲಿ, ಇನ್ನೊಬ್ಬರು ಒಪ್ಪಿದ ಮೇಲೇ ಸರ್ಟಿಫಿಕೇಟ್ ಹೊರಬರಲಿ.

## ಹಂತ 5: ಕಾರ್ಡ್ ತಯಾರು ಮಾಡಿ

ಈ ಹಂತಕ್ಕೆ ಬಾಗಿಲು ಹಾಕಿಕೊಂಡು ಕೂರಿ. ಒಂದು ಕಾರ್ಡ್ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳಿ.

1. ಕಾರ್ಡಿನ ಸೀರಿಯಲ್ ನಂಬರ್ ಮತ್ತು ಯಾರಿಗೆ ಅನ್ನುವುದನ್ನು ಬರೆದುಕೊಳ್ಳಿ.
2. ಮ್ಯಾನೇಜ್‌ಮೆಂಟ್ ಕೀ (ಕಾರ್ಡಿನೊಳಗೆ ಕೀ, ಸರ್ಟಿಫಿಕೇಟ್ ಹಾಕಲು ಬೇಕಾದದ್ದು) ಬದಲಿಸಿ.
3. ಪಿಯುಕೆ ಬದಲಿಸಿ. ಪ್ರತಿ ಕಾರ್ಡಿಗೂ ಬೇರೆ ಬೇರೆ. ವಾಲ್ಟಿನಲ್ಲಿ ಸೀರಿಯಲ್ ನಂಬರ್ ಜತೆ ಸೇರಿಸಿಡಿ.
4. ತಾತ್ಕಾಲಿಕ ಪಿನ್ ಹಾಕಿ.
5. 9ಎ ಸ್ಲಾಟಿನಲ್ಲಿ, ಅಂದರೆ ಕಾರ್ಡಿನೊಳಗೆ ಲಾಗಿನ್ ಕೀಗೆಂದೇ ಇರುವ ಜಾಗದಲ್ಲಿ, ಕೀ ಸೃಷ್ಟಿಸಿ, ಸರ್ಟಿಫಿಕೇಟಿನ ಅರ್ಜಿ ಫೈಲ್ ತೆಗೆಯಿರಿ.
6. ಸರ್ವರ್‌ನಿಂದ ಸರ್ಟಿಫಿಕೇಟ್ ಪಡೆದು ಅದೇ ಸ್ಲಾಟಿಗೆ ಹಾಕಿ.

ಫ್ಯಾಕ್ಟರಿಯಿಂದ ಬರುವ ಪಿನ್ 123456, ಪಿಯುಕೆ 12345678. ಇದು ಜಗತ್ತಿಗೇ ಗೊತ್ತು. ಪಿನ್ ಬದಲಿಸಿ ಪಿಯುಕೆ ಹಾಗೇ ಬಿಟ್ಟರೆ ಏನೂ ಮಾಡಿದಂತಾಗಲಿಲ್ಲ. ಕಾರ್ಡ್ ಸಿಕ್ಕವರು ಪಿಯುಕೆ ಹಾಕಿ ತಮಗೆ ಬೇಕಾದ ಪಿನ್ ಇಟ್ಟುಕೊಳ್ಳುತ್ತಾರೆ.

ಕೀ ಕಾರ್ಡಿನೊಳಗೇ ಹುಟ್ಟಬೇಕು. ಕಂಪ್ಯೂಟರಿನಲ್ಲಿ ಮಾಡಿ ಒಳಗೆ ಹಾಕಿದರೆ ಅದರ ಒಂದು ಪ್ರತಿ ಎಲ್ಲೋ ಒಂದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದೇ ಉಳಿಯುತ್ತದೆ. ಇದಕ್ಕೆ ಒಂದೇ ಒಂದು ಅಪವಾದ, ಮೇಲ್ ಎನ್‌ಕ್ರಿಪ್ಟ್ ಮಾಡುವ 9ಡಿ ಸ್ಲಾಟಿನ ಕೀ. ಅದಕ್ಕೆ ಬ್ಯಾಕಪ್ ಬೇಕೇ ಬೇಕು. ಕಾರ್ಡಿನೊಳಗೇ ಹುಟ್ಟಿಸಿ ಕಾರ್ಡ್ ಕಳೆದುಕೊಂಡರೆ ಆ ವ್ಯಕ್ತಿಗೆ ಬಂದ ಹಳೆಯ ಮೇಲ್‌ಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಎನ್‌ಕ್ರಿಪ್ಟೆಡ್ ಮೇಲ್ ಬಳಸದ ಆಫೀಸಾದರೆ 9ಡಿ ಮುಟ್ಟಲೇಬೇಡಿ.

ಪಿನ್ 6ರಿಂದ 8 ಅಂಕಿ ಇರಬಹುದು. ಮೂರು ಸಲ ತಪ್ಪಿದರೆ ಪಿನ್ ಬ್ಲಾಕ್. ಪಿಯುಕೆ ಮೂರು ಸಲ ತಪ್ಪಿದರೆ ಅದೂ ಬ್ಲಾಕ್. ಎರಡೂ ಬ್ಲಾಕಾದರೆ ಪಿಐವಿ ಭಾಗವನ್ನು ರೀಸೆಟ್ ಮಾಡಿ ಮೊದಲಿನಿಂದ ಶುರು ಮಾಡುವುದೊಂದೇ ದಾರಿ. ಆಗ ಒಳಗಿನ ಕೀ, ಸರ್ಟಿಫಿಕೇಟ್ ಎಲ್ಲ ಅಳಿಯುತ್ತದೆ.

## ಹಂತ 6: ಎಂಟ್ರಾದಲ್ಲಿ ತೆರೆಯಿರಿ

ಎಲ್ಲಕ್ಕೂ ಮೂಲವಾದ ರೂಟ್ ಸರ್ಟಿಫಿಕೇಟ್ ಒಂದನ್ನೇ ಹಾಕಿದರೆ ಸಾಲದು. ನಡುವೆ ಇರುವ ಸಿಎಗಳದ್ದನ್ನೂ (ಸಿಎ ಅಂದರೆ ಸರ್ಟಿಫಿಕೇಟ್ ಕೊಡುವ ಸರ್ವರ್) ಹಾಕಿ, ಪ್ರತಿಯೊಂದರ ಎದುರು ಸಿಆರ್‌ಎಲ್ ವಿಳಾಸ ಕೊಡಿ. ಸರ್ಟಿಫಿಕೇಟಿನ ಯುಪಿಎನ್‌ಗೆ ಖಾತೆಯ ಯುಪಿಎನ್ ಹೊಂದಿಸಿ. ಸರ್ಟಿಫಿಕೇಟ್ ಲಾಗಿನ್ ಅನ್ನು ಐದು ಜನರ ಒಂದು ಗುಂಪಿಗೆ ಮಾತ್ರ ಆನ್ ಮಾಡಿ. ಎಲ್ಲರಿಗೂ ಅನ್ನುವ ಆಯ್ಕೆ ಕೈಗೆ ಹತ್ತಿರವೇ ಇದೆ, ಮುಟ್ಟಬೇಡಿ.

ಎರಡು ತುರ್ತು ಅಡ್ಮಿನ್ ಖಾತೆಗಳನ್ನು ಈ ಕಾರ್ಡ್ ವ್ಯವಸ್ಥೆಯಿಂದ ಹೊರಗಿಡಿ. ಅವಕ್ಕೆ ಬೇರೆ ಸೆಕ್ಯುರಿಟಿ ಕೀ ಕೊಟ್ಟು ಬೀರುವಿನಲ್ಲಿಡಿ. ಇಲ್ಲದಿದ್ದರೆ ಸಿಆರ್‌ಎಲ್ ಸರ್ವರ್ ಒಂದು ರಾತ್ರಿ ನಿಂತರೆ ಆಫೀಸಿನ ಎಲ್ಲರ ಜತೆ ನೀವೂ ಹೊರಗುಳಿಯುತ್ತೀರಿ.

## ಹಂತ 7: ಫೋನಿನಲ್ಲಿ

ಐಫೋನ್. ಯುಬಿಕೋ ಅಥೆಂಟಿಕೇಟರ್ ಹಾಕಿ, ಅದಕ್ಕೆ ನೋಟಿಫಿಕೇಶನ್ ಅನುಮತಿ ಕೊಡಿ. ಆ್ಯಪಿನ ಸ್ಮಾರ್ಟ್ ಕಾರ್ಡ್ ಭಾಗಕ್ಕೆ ಹೋಗಿ, ಕಾರ್ಡ್ ಓದಿಸಿ, ಸರ್ಟಿಫಿಕೇಟನ್ನು ಫೋನಿಗೆ ಸೇರಿಸಿ. ಫೋನಿಗೆ ಹೋಗುವುದು ಸಾರ್ವಜನಿಕ ಭಾಗ ಮಾತ್ರ, ರಹಸ್ಯ ಕೀ ಕಾರ್ಡಿನಲ್ಲೇ ಇರುತ್ತದೆ.

ಇನ್ನು ಲಾಗಿನ್. ಇದನ್ನು ಪ್ರತಿಯೊಬ್ಬರಿಗೂ ಎದುರಿಗೆ ಕೂರಿಸಿಕೊಂಡು ತೋರಿಸಿ. ಔಟ್‌ಲುಕ್‌ನಲ್ಲಿ ಸರ್ಟಿಫಿಕೇಟ್ ಆಯ್ಕೆ ಒತ್ತಿದರೆ ಸ್ಕ್ರೀನ್ ಸುಮ್ನೆ ನಿಂತಂತೆ ಕಾಣುತ್ತದೆ. ಮೇಲಿನಿಂದ ಒಂದು ನೋಟಿಫಿಕೇಶನ್ ಇಳಿಯುತ್ತದೆ. ಅದನ್ನು ಒತ್ತಬೇಕು. ಆಗ ಯುಬಿಕೋ ಆ್ಯಪ್ ತೆರೆದು ಪಿನ್ ಕೇಳುತ್ತದೆ. ಪಿನ್ ಹಾಕಿ, ಕಾರ್ಡನ್ನು ಫೋನಿನ ಮೇಲಂಚಿಗೆ ತಾಗಿಸಿ, ಮುಗಿದ ಮೇಲೆ ನಾವೇ ಔಟ್‌ಲುಕ್‌ಗೆ ವಾಪಸ್ ಬರಬೇಕು. ಡೂ ನಾಟ್ ಡಿಸ್ಟರ್ಬ್ ಹಾಕಿಕೊಂಡವರಿಗೆ ಆ ನೋಟಿಫಿಕೇಶನ್ ಕಾಣುವುದೇ ಇಲ್ಲ. ನನ್ನ ಒಂಬತ್ತು ಕರೆಗಳಲ್ಲಿ ನಾಲ್ಕು ಇದೇ ಆಗಿತ್ತು.

ಆಂಡ್ರಾಯ್ಡ್. ಇಲ್ಲಿ ಸಿಸ್ಟಮ್ಮಿಗೇ ಪಿಐವಿ ಗೊತ್ತಿಲ್ಲ, ಕಾರ್ಡ್ ಓದುವ ಕೆಲಸ ಆ್ಯಪ್‌ಗಳೇ ಮಾಡಬೇಕು. ಮೈಕ್ರೋಸಾಫ್ಟಿನ ಆ್ಯಪ್‌ಗಳು ಮಾಡುತ್ತವೆ. ನಿಮ್ಮ ಹಾಜರಾತಿ ಆ್ಯಪ್, ಬಿಲ್ಲಿಂಗ್ ಆ್ಯಪ್ ಮಾಡುತ್ತವಾ? ಒಂದೊಂದನ್ನೂ ತೆರೆದು ನೋಡಿಯೇ ಹೇಳಬೇಕು. ಲಾಗಿನ್ ವೇಳೆ ಫೋನಿನಲ್ಲಿರುವ ಸರ್ಟಿಫಿಕೇಟಾ, ಸ್ಮಾರ್ಟ್ ಕಾರ್ಡಾ ಅಂತ ಕೇಳಿದರೆ ಎರಡನೆಯದನ್ನು ಆರಿಸಿ.

ಎನ್‌ಎಫ್‌ಸಿ ಆಂಟೆನಾ ಕೆಲವು ಫೋನಿನಲ್ಲಿ ಬೆನ್ನಿನ ನಡುವೆ, ಕೆಲವದರಲ್ಲಿ ಕ್ಯಾಮೆರಾ ಹತ್ತಿರ. ಜಾಗ ಸಿಕ್ಕ ಮೇಲೆ ಕವರಿನ ಮೇಲೆ ಒಂದು ಚುಕ್ಕಿ ಸ್ಟಿಕ್ಕರ್ ಅಂಟಿಸಿಬಿಡಿ. ತಾಗಿಸಿ ತಕ್ಷಣ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಅಂಗಡಿಯಲ್ಲಿ ಕಾರ್ಡ್ ತಟ್ಟಿ ತಟ್ಟಿ ಬಂದ ಅಭ್ಯಾಸ ಅದು. ಇಲ್ಲಿ ಫೋನ್ ಹೇಳುವವರೆಗೂ ಅಲುಗದೆ ಹಿಡಿಯಬೇಕು. ಲೋಹದ ರಿಂಗ್, ಅಯಸ್ಕಾಂತ ಇರುವ ಕವರ್ ಆದರೆ ಬಿಚ್ಚಬೇಕು.

ಈಗ ಕಾರ್ಡ್ ಪಡೆದವರಿಂದಲೇ ತಾತ್ಕಾಲಿಕ ಪಿನ್ ಬದಲಾಯಿಸಿ. ಫೋನಿನ ಲಾಕ್ ನಂಬರನ್ನೇ ಇಡುವುದು ಬೇಡ ಅಂತ ಬಾಯಿಬಿಟ್ಟು ಹೇಳಿ.

## ಹಂತ 8: ಐದು ಜನ, ಎರಡು ವಾರ

ಐದರಲ್ಲಿ ಒಬ್ಬರು ಅಕೌಂಟ್ಸ್‌ನವರು, ಒಬ್ಬರು ಸದಾ ಹೊರಗೆ ತಿರುಗುವವರು, ಒಬ್ಬರು ಫೋನ್ ಅಂದರೆ ಬೇಸರ ಪಡುವವರು ಇರಲಿ. ಎಲ್ಲ ಬಲ್ಲ ಐಟಿ ಹುಡುಗರನ್ನೇ ಆರಿಸಿದರೆ ತೊಂದರೆ ಏನೂ ಕಾಣುವುದಿಲ್ಲ. ಒಂದು ದಿನ ಬೇಕೆಂದೇ ಒಂದು ಕಾರ್ಡ್ "ಕಳೆದುಹೋಯಿತು" ಅಂದುಕೊಂಡು ಹಂತ 1ರ ಕಾಗದದಂತೆ ನಡೆದು ನೋಡಿ. ಗಡಿಯಾರ ಹಿಡಿಯಿರಿ.

ನೆಟ್‌ವರ್ಕ್ ಇಲ್ಲದ ಕಡೆ ಹೊಸ ಲಾಗಿನ್ ಆಗುವುದಿಲ್ಲ. ಘಟ್ಟ ಇಳಿಯುವ ಮೊದಲೇ ಮೇಲ್ ತೆರೆದು ನೋಡಿಕೊಳ್ಳಲು ಹೊರಗಿನವರಿಗೆ ಹೇಳಿ.

## ಹಂತ 9: ಹಿತ್ತಿಲ ಬಾಗಿಲು ಮುಚ್ಚಿ

ಕಾರ್ಡ್ ಕೆಲಸ ಮಾಡಿತು ಅಂದ ಕೂಡಲೇ ಪಾಸ್‌ವರ್ಡ್ ಸತ್ತಿತು ಅಂತಲ್ಲ. ಹಳೆಯ ಪಾಸ್‌ವರ್ಡ್, ಓಟಿಪಿ ಎಲ್ಲ ಹಾಗೇ ನಡೆಯುತ್ತಿರುತ್ತದೆ. ಎಂಟ್ರಾದ ಕಂಡೀಶನಲ್ ಆಕ್ಸೆಸ್‌ನಲ್ಲಿ (ಲಾಗಿನ್ ನಿಯಮ ಹಾಕುವ ಜಾಗ) ಫಿಶಿಂಗ್‌ಗೆ, ಅಂದರೆ ನಕಲಿ ಪುಟದ ಮೋಸಕ್ಕೆ, ಜಗ್ಗದ ಲಾಗಿನ್ ಮಾತ್ರ ನಡೆಯಲಿ ಅನ್ನುವ ನಿಯಮ ಹಾಕಿ. ಮೊದಲು ವರದಿ ಮಾತ್ರ ಕೊಡುವ ಸ್ಥಿತಿಯಲ್ಲಿ ಒಂದು ವಾರ ಓಡಿಸಿ, ಯಾರ್ಯಾರು ಸಿಕ್ಕಿಬೀಳುತ್ತಾರೆ ನೋಡಿ, ಆಮೇಲೆ ಆನ್ ಮಾಡಿ. ಉಳಿದವರಿಗೆ ಕಾರ್ಡ್ ಹಂಚುವುದು ಈಗ. ದಿನಕ್ಕೆ ಆರೇಳು ಜನ ಸಾಕು, ಸೋಮವಾರ ಬೇಡ.

## ಲಕ್ಷಣ ನೋಡಿ ಕಾರಣ ಹಿಡಿಯುವುದು

ಮೊಬೈಲ್ ಡೇಟಾದಲ್ಲಿ ಆಗುತ್ತದೆ, ಆಫೀಸ್ ವೈಫೈನಲ್ಲಿ ಆಗುವುದಿಲ್ಲ. ಫೈರ್‌ವಾಲ್ ಟಿಎಲ್‌ಎಸ್ ಅನ್ನು, ಅಂದರೆ ಫೋನಿಗೂ ಸರ್ವರ್‌ಗೂ ನಡುವಿನ ಗೂಢಲಿಪಿಯ ಸಂಪರ್ಕವನ್ನು, ಬಿಚ್ಚಿ ನೋಡುತ್ತಿದೆ. ಹೆಸರಿನಲ್ಲಿ "ಸರ್ಟ್‌ಆಥ್" ಇರುವ ಮೈಕ್ರೋಸಾಫ್ಟ್ ಲಾಗಿನ್ ವಿಳಾಸಕ್ಕೆ ಆ ತಪಾಸಣೆ ನಿಲ್ಲಿಸಿ.

ಎಲ್ಲರಿಗೂ ಒಂದೇ ದಿನ ನಿಂತಿತು. ಕಾರ್ಡುಗಳನ್ನು ಮುಟ್ಟಬೇಡಿ. ಸಿಆರ್‌ಎಲ್ ಫೈಲಿನ ಅವಧಿ ಮುಗಿದಿದೆಯಾ ನೋಡಿ.

ಒಬ್ಬರಿಗೆ ಮಾತ್ರ "ಸರ್ಟಿಫಿಕೇಟ್ ಅವಧಿ ಸರಿಯಿಲ್ಲ" ಅನ್ನುತ್ತದೆ. ಫೋನಿನ ದಿನಾಂಕ ನೋಡಿ. ಯಾರೋ ಆಟೋಮ್ಯಾಟಿಕ್ ಟೈಮ್ ತೆಗೆದಿರುತ್ತಾರೆ.

ತಪ್ಪು ಸರ್ಟಿಫಿಕೇಟ್ ಒತ್ತಿದ ಮೇಲೆ ಮತ್ತೆ ಕೇಳುವುದೇ ಇಲ್ಲ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಒಬ್ಬರದೇ ಪಿನ್ ಪದೇ ಪದೇ ಬ್ಲಾಕ್. ಮರೆವು ಅಂತ ಸುಮ್ಮನಾಗಬೇಡಿ, ಹೋಗಿ ಮಾತಾಡಿ. ಒಂದು ಸಲ ಹೀಗಾದಾಗ ವಿಚಾರಿಸಿದರೆ, ಶಿಫ್ಟಿನ ಇಬ್ಬರು ಒಂದೇ ಕಾರ್ಡ್ ಹಂಚಿಕೊಂಡಿದ್ದರು. ಒಬ್ಬ ಪಿನ್ ಬದಲಿಸಿದ್ದ, ಇನ್ನೊಬ್ಬನಿಗೆ ಹೇಳಲು ಮರೆತಿದ್ದ.

ಫೋನಿನ ಕವರಿನೊಳಗೇ ಕಾರ್ಡ್, ಕಾರ್ಡಿನ ಮೇಲೆ ಪಿನ್ ಚೀಟಿ. ಬಸ್ಸಿನಲ್ಲಿ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಾರ್ಡ್ ಮನೆ ಬೀಗದ ಕೈ ಗೊಂಚಲಿನಲ್ಲಿರಲಿ. ಅದನ್ನು ಯಾರೂ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

## ಹಂತ 10: ಕೆಲಸ ಬಿಟ್ಟವರ ಕಾರ್ಡ್

ಕೊನೆಯ ದಿನ ಕಾರ್ಡ್ ವಾಪಸ್ ಪಡೆದರೆ ಮುಗಿಯಲಿಲ್ಲ. ಮೊದಲು ಸೆಷನ್ ರದ್ದು, ಆಮೇಲೆ ಸರ್ಟಿಫಿಕೇಟ್ ರದ್ದು, ನಂತರ ಪಿಐವಿ ರೀಸೆಟ್. ರೀಸೆಟ್ ಆದ ಕಾರ್ಡಿನ ಪಿನ್ ಮತ್ತೆ 123456, ಪಿಯುಕೆ ಮತ್ತೆ 12345678 ಆಗಿರುತ್ತದೆ. ಹಾಗಾಗಿ ಅದನ್ನು ಸ್ಪೇರ್ ಡಬ್ಬಿಗೆ ಹಾಕುವಾಗ "ಖಾಲಿ, ಹಂತ 5 ಆಗಿಲ್ಲ" ಅಂತ ಚೀಟಿ ಅಂಟಿಸಿ. ವಾಲ್ಟಿನಲ್ಲಿರುವ ಅದರ ಹಳೆಯ ಪಿಯುಕೆಯನ್ನೂ ಅಳಿಸಿ.